ಒರಳುಕಲ್ಲು ತಿರುಗಿಸಿ ಗಂಡನನ್ನು ತಿದ್ದಿದರೆ ನಗು ಯಾಕೆ ನಿಲ್ಲುತ್ತೆ?

ಪ್ರಶ್ನೆ: ಸರ್, ನಾನು ಮತ್ತು ನನ್ನ ಗೆಳೆಯರು ಸೇರಿ 25 ನಿಮಿಷದ ಒಂದು ಕಿರುಚಿತ್ರ ಮಾಡಲು ಹೊರಟಿದ್ದೇವೆ. ಕಥೆ ಇಷ್ಟು. ಮೈಸೂರಿನ ಸಿಟಿ ಬಸ್ಸಿನಲ್ಲಿ ವೀಣಾ ಮತ್ತು ಸುರೇಶ ಭೇಟಿಯಾಗುತ್ತಾರೆ. ಕಂಡಕ್ಟರ್ ಹತ್ತಿರ ಚಿಲ್ಲರೆ ಇಲ್ಲ. ಇಬ್ಬರಿಗೂ ಸೇರಿಸಿ ಒಂದು ಹತ್ತರ ನೋಟು ಕೊಟ್ಟು 'ಇಳಿದು ಹಂಚ್ಕೊಳ್ಳಿ' ಅಂತಾನೆ. ಅಲ್ಲಿಂದ ಪ್ರೀತಿ, ಮದುವೆ. ವರ್ಷದೊಳಗೇ ವೀಣಾಗೆ ಗಂಡನ ಜಿಪುಣತನ ಮತ್ತು ನಾಲ್ಕು ಜನರ ಎದುರು ಬಾಯಿ ಬಿಡದ ಸ್ವಭಾವ ಸಾಕಾಗಿಹೋಗುತ್ತದೆ. ಅತ್ತೆ ಮನೆಯ ಹಿತ್ತಲಲ್ಲಿರುವ ಒರಳಿನ ಗುಂಡನ್ನು ಉಲ್ಟಾ ತಿರುಗಿಸಿದರೆ ಹಿಂದಿನ ಕಾಲಕ್ಕೆ ಹೋಗಬಹುದು ಅಂತ ಅವಳಿಗೆ ಗೊತ್ತಾಗುತ್ತದೆ. ಮೊದಲು ಒಂದೊಂದು ದಿನ ಹಿಂದೆ ಹೋಗಿ ಜಗಳ ತಪ್ಪಿಸುತ್ತಾಳೆ. ಆಮೇಲೆ ಸುರೇಶನ ಒಂಬತ್ತನೇ ವಯಸ್ಸಿಗೇ ಹೋಗುತ್ತಾಳೆ. ಸಂತೆಯಲ್ಲಿ ಐವತ್ತು ರೂಪಾಯಿ ಕಳೆದುಕೊಂಡದ್ದಕ್ಕೆ ಅವನು ಅಪ್ಪನಿಂದ ಎಲ್ಲರೆದುರು ಹೊಡೆತ ತಿಂದದ್ದನ್ನು ತಪ್ಪಿಸುತ್ತಾಳೆ. ವಾಪಸ್ ಬಂದರೆ ಮನೆಯಲ್ಲಿ ಧಾರಾಳಿಯಾದ, ಮಾತುಗಾರನಾದ ಗಂಡ. ಸುಖಾಂತ್ಯ.

ಹತ್ತು ಜನರನ್ನು ಕೂರಿಸಿ ಓದಿದೆವು. ಮೊದಲರ್ಧ ಬಿದ್ದು ಬಿದ್ದು ನಕ್ಕರು. ಸಂತೆಯ ದೃಶ್ಯ ಬಂದ ಮೇಲೆ ಒಬ್ಬರೂ ನಗಲಿಲ್ಲ. ಕೊನೆಗೆ 'ಅಷ್ಟೇನಾ?' ಅಂದರು. ನಮ್ಮಲ್ಲೊಬ್ಬ ಎಂಜಿನಿಯರ್ ಇದ್ದಾನೆ. 'ಗಂಡ ಸರಿಹೋದ ಮೇಲೆ ಅವಳು ಹಿಂದೆ ಹೋಗೋದಕ್ಕೆ ಕಾರಣವೇ ಇರಲ್ಲವಲ್ಲ' ಅಂತ ಅವನ ತಕರಾರು. ಆಮೇಲೆ 'ಮೀಟ್ ಕ್ಯೂಟ್' ಸಿನಿಮಾ ನೋಡಿದೆವು. ಅದರಲ್ಲೂ ಅರ್ಧದಿಂದ ನಗು ಕಡಿಮೆ. ಇಂಥ ಕಥೆಗೆ ಇದು ಹಣೆಬರಹವೇ? ಲಾಜಿಕ್ ಹೇಗೆ ಸರಿಮಾಡೋದು?

ಉತ್ತರ:

ಸ್ಕ್ರಿಪ್ಟ್ ಎರಡು ಸಲ ಓದಿದೆ. ಎಂಜಿನಿಯರ್ ಗೆಳೆಯನ ತಕರಾರು ಮತ್ತು ಹತ್ತು ಜನರ ಮೌನ, ಎರಡೂ ಒಂದೇ ಕಾಯಿಲೆ. ಅದಕ್ಕೆ ಔಷಧಿ ನಿಮ್ಮ ಎರಡನೇ ಪುಟದಲ್ಲೇ ಇದೆ, ನೀವೇ ಬರೆದದ್ದು. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ನಗು ಯಾಕೆ ನಿಂತಿತು ನೋಡೋಣ.

'ಮೀಟ್ ಕ್ಯೂಟ್' 2022ರ ಚಿತ್ರ. ಅಲೆಕ್ಸ್ ಲೇಮನ್ ನಿರ್ದೇಶನ, ನೋಗಾ ಪ್ನುಯೇಲಿ ಬರವಣಿಗೆ. ನ್ಯೂಯಾರ್ಕಿನ ಒಂದು ಬಾರ್‌ನಲ್ಲಿ ಶೀಲಾ ಎಂಬ ಹೆಣ್ಣುಮಗಳು ಗ್ಯಾರಿ ಎಂಬುವನನ್ನು ಮಾತಾಡಿಸುತ್ತಾಳೆ. ಕೇಲಿ ಕ್ವೋಕೋ ಮತ್ತು ಪೀಟ್ ಡೇವಿಡ್ಸನ್ ಆ ಇಬ್ಬರು. ಅವನ ಪಾಲಿಗೆ ಅದು ಮೊದಲ ಭೇಟಿ. ಅವಳ ಪಾಲಿಗೆ ಅದೆಷ್ಟನೆಯದೋ. ಉಗುರು ಬಣ್ಣ ಹಚ್ಚುವ ಒಂದು ಅಂಗಡಿಯಲ್ಲಿ ಮೈ ಕಂದು ಮಾಡಿಕೊಳ್ಳುವ ಪೆಟ್ಟಿಗೆ ಇದೆ, ಅದರಲ್ಲಿ ಮಲಗಿದರೆ ಹಿಂದಿನ ದಿನ. ಅದೇ ರಾತ್ರಿಯನ್ನು ಅವಳು ಮತ್ತೆ ಮತ್ತೆ ಬದುಕುತ್ತಾಳೆ. ಅಲ್ಲಿಯವರೆಗೆ ಮಜವಾಗಿದೆ. ಆಮೇಲೆ ಅವನ ಸಣ್ಣ ಪುಟ್ಟ ಕೊರತೆ ಕಣ್ಣಿಗೆ ಚುಚ್ಚಲು ಶುರುವಾಗಿ, ಅವನ ಬಾಲ್ಯಕ್ಕೇ ಹೋಗಿ ರಿಪೇರಿ ಮಾಡುತ್ತಾಳೆ. ಹಾಗೆ ತಯಾರಾಗಿ ಬಂದ ಗ್ಯಾರಿ ಅವಳಿಗೇ ಬೇಡವಾಗುತ್ತಾನೆ. ಶೀಲಾಳ ಒಳಗೆ ಬದುಕೇ ಬೇಡ ಅನ್ನಿಸುವಷ್ಟು ನೋವಿದೆ ಅನ್ನುವುದನ್ನು ಚಿತ್ರ ತಡವಾಗಿ ಬಿಚ್ಚುತ್ತದೆ. ಆ ಧೈರ್ಯ ನನಗೆ ಇಷ್ಟವಾಯಿತು. ಆದರೆ ನಗಿಸುವ ಕೈ ಮತ್ತು ಅಳಿಸುವ ಕೈ ಒಂದಕ್ಕೊಂದು ತಾಳ ಹಾಕಲಿಲ್ಲ ಅನ್ನೋದೂ ನಿಜ.

ಮಗು ಗೋಡೆಗೆ ಚೆಂಡು ಎಸೆದು ಆಡುವುದನ್ನು ನೋಡಿದ್ದೀರಲ್ವಾ? ಆಟ ಇರೋದು ಗೋಡೆ ಗಟ್ಟಿ ಇರೋವರೆಗೆ ಮಾತ್ರ. ಎಸೆದ ಚೆಂಡು ಮುಖಕ್ಕೇ ವಾಪಸ್ ಬರಬೇಕು, ಅದಕ್ಕೇ ನಗು. ಗೋಡೆಯನ್ನೇ ಕೆಡವಿದರೆ ಚೆಂಡು ಪಕ್ಕದ ಮನೆ ಸೇರುತ್ತೆ. ನಿಮ್ಮ ಮೊದಲರ್ಧದಲ್ಲಿ ಸುರೇಶ ಗೋಡೆ. ವೀಣಾ ಏನೇ ಉಪಾಯ ಮಾಡಿಕೊಂಡು ಬಂದರೂ ಅವನು ಅವನೇ. ನಿನ್ನೆಯ ಜಗಳ ತಪ್ಪಿಸಲು ಅವಳು ಮೊದಲೇ ತರಕಾರಿ ತಂದಿಟ್ಟರೆ, 'ಕೊತ್ತಂಬರಿಗೆ ಎಷ್ಟು ಕೊಟ್ಟೆ?' ಅಂತ ಕೇಳುತ್ತಾನಲ್ಲ, ಆ ಸಾಲು ಬಹಳ ಚೆನ್ನಾಗಿದೆ. ಅವಳು ಕಾಲವನ್ನೇ ಗೆದ್ದು ಬಂದಿದ್ದಾಳೆ, ಕೊತ್ತಂಬರಿ ಸೊಪ್ಪಿಗೆ ಸೋಲುತ್ತಾಳೆ!

ಈ ಜಾತಿಯ ಚಿತ್ರಗಳಿಗೆಲ್ಲ ಅಜ್ಜನಂತಿರುವ 1993ರ 'ಗ್ರೌಂಡ್‌ಹಾಗ್ ಡೇ' ನೋಡಿ. ಅದೂ ಪಕ್ಕಾ ಇದೇ ಹುನ್ನಾರದಿಂದ ಓಡುತ್ತದೆ. ಫಿಲ್ ಎಂಬ ಟಿವಿ ಹವಾಮಾನದವನು ಫೆಬ್ರವರಿ 2ರಲ್ಲಿ ಸಿಕ್ಕಿಕೊಂಡಿದ್ದಾನೆ, ಪ್ರತಿ ಬೆಳಿಗ್ಗೆ ಎದ್ದರೆ ಮತ್ತೆ ಅದೇ ದಿನ. ಸಹೋದ್ಯೋಗಿ ರೀಟಾಳಿಗೆ ಯಾವ ಪಾನೀಯ ಇಷ್ಟ ಅಂತ ಒಂದು ದಿನ ಕೇಳಿಕೊಳ್ಳುತ್ತಾನೆ, ಮರುದಿನ ಅದನ್ನೇ ತನಗೂ ಇಷ್ಟ ಎಂಬಂತೆ ತರಿಸುತ್ತಾನೆ. ಅವಳು ಫ್ರೆಂಚ್ ಕಾವ್ಯ ಓದಿದವಳು ಅಂದರೆ ಮೊದಲ ಸಲ ಗೇಲಿ ಮಾಡಿ ನಗುತ್ತಾನೆ, ಮುಂದಿನ ಸುತ್ತಿನಲ್ಲಿ ಫ್ರೆಂಚ್ ಪದ್ಯವನ್ನೇ ಹೇಳುತ್ತಾನೆ. ಇಷ್ಟೆಲ್ಲ ಕಾಪಿ ಹೊಡೆದರೂ ರಾತ್ರಿಯ ಕೊನೆಗೆ ಸಿಗೋದು ಕಪಾಳಮೋಕ್ಷ. ಸಾಲಾಗಿ, ಒಂದಾದ ಮೇಲೊಂದು. ಪ್ರೇಕ್ಷಕರು ನಗೋದು ಆ ಏಟಿಗೆ. ಮೊದಲಿಂದ ಕೊನೆಯವರೆಗೆ ರೀಟಾ ಒಂದು ಇಂಚೂ ಬದಲಾಗುವುದಿಲ್ಲ. ಯಾಕೆ ಗೊತ್ತಾ? ಫಿಲ್‌ಗೆ ಸಿಕ್ಕಿರುವುದು ಒಂದೇ ದಿನದ ಹಗ್ಗ. ಅವಳ ಬಾಲ್ಯದವರೆಗೆ ಅದು ಎಟುಕುವುದಿಲ್ಲ. ಎಟುಕಿದ್ದರೆ ಅಂಥ ಮನುಷ್ಯ ಏನು ಮಾಡುತ್ತಿದ್ದ ಅಂತ ಯೋಚಿಸಿದರೆ ಮೈ ಜುಮ್ಮೆನ್ನುತ್ತೆ.

ನೀವು ವೀಣಾಗೆ ಉದ್ದ ಹಗ್ಗ ಕೊಟ್ಟಿದ್ದೀರಿ. ತಪ್ಪಲ್ಲ. ಆದರೆ ಸಂತೆಯಲ್ಲೂ ನಗಿಸಲು ಹೊರಟಿದ್ದೀರಲ್ಲ, ಅದು ಆಗದ ಕೆಲಸ. ಅಲ್ಲಿ ಎದುರಿಗಿರುವುದು ಗಂಡನಲ್ಲ, ಒಂಬತ್ತು ವರ್ಷದ ಹುಡುಗ. ಅವನಿಗೆ ಅವಳು ಯಾರೋ. ಅವಳಿಗೆ ಅವನ ಪೂರ್ತಿ ಜಾತಕ ಗೊತ್ತು. ಮಗುವಿಗೆ ಏಟು ಬೀಳುವುದನ್ನು ತಪ್ಪಿಸುವುದು ಯಾವ ದೊಡ್ಡವರಾದರೂ ಮಾಡಬೇಕಾದ ಕೆಲಸವೇ. ಆದರೆ ಅವಳು ಬಂದಿರೋದು ಹುಡುಗನಿಗೋಸ್ಕರ ಅಲ್ಲ, ಮುಂದೆ ತನಗೆ ಅನುಕೂಲವಾಗಲಿ ಅಂತ. ಕೆಲಸ ಸರಿ, ಕಾರಣ ಸರಿಯಿಲ್ಲ. ನಿಮ್ಮ ಹತ್ತು ಜನಕ್ಕೂ ಅದು ಒಳಗೊಳಗೇ ತಟ್ಟಿದೆ. ಹಾಗಾಗಿ ಕಡಲೆಪುರಿ ಮಾರುವವನ ಜೋಕು, ಮೇಕೆ ಓಡಿಹೋಗುವ ಗಲಾಟೆ, ಎಲ್ಲ ತೆಗೆಯಿರಿ. ಮೌನ ಬರಲಿ. ಹುಡುಗ ಕಣ್ಣೊರೆಸಿಕೊಂಡು ಅವಳನ್ನು ನೋಡಿ ಒಂದೇ ಒಂದು ಮಾತು ಕೇಳಲಿ: 'ಅಕ್ಕಾ, ನೀವು ಯಾರ ಮನೆಯವರು?'

ನಮ್ಮ ಹಳ್ಳಿಗಳಲ್ಲಿ ಹೊಸಬರನ್ನು ಎಲ್ಲರೂ ಕೇಳುವ ಸಾದಾ ಪ್ರಶ್ನೆ. ಅವಳ ಹತ್ತಿರ ಅದಕ್ಕೆ ಉತ್ತರ ಇಲ್ಲ. 'ನಿಮ್ಮನೆಯವಳೇ' ಅನ್ನೋಕಾಗಲ್ಲ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಇನ್ನೊಂದು ಸಲ ಬೇಕಾಗುತ್ತದೆ.

ಯಾರಿಗೆ ನೆನಪಿದೆ ಅನ್ನೋದು ಇಂಥ ಕಥೆಯ ಜೀವ. ಒಬ್ಬರಿಗೆ ಎಲ್ಲ ನೆನಪು, ಇನ್ನೊಬ್ಬರಿಗೆ ಏನೂ ಇಲ್ಲ. ಇದರಲ್ಲಿ ತಮಾಷೆಯೂ ಇದೆ, ಮೋಸವೂ ಇದೆ. 2020ರ 'ಪಾಮ್ ಸ್ಪ್ರಿಂಗ್ಸ್' ಈ ಮೋಸವನ್ನು ಮುಚ್ಚಿಡಲಿಲ್ಲ. ಅದರಲ್ಲಿ ಗಂಡು ಹೆಣ್ಣು ಇಬ್ಬರೂ ಒಂದೇ ದಿನದಲ್ಲಿ ಸಿಕ್ಕಿಬಿದ್ದಿದ್ದಾರೆ. ಅವಳು ಬಂದದ್ದು ತಡವಾಗಿ, ಅವನು ಬಹಳ ಹಿಂದೆ. ಅವಳಿಗೆ ಏನೂ ಗೊತ್ತಿಲ್ಲದಿದ್ದ ಆ ಹಳೆಯ ದಿನಗಳಲ್ಲಿ ಅವಳ ಜೊತೆ ಅದೆಷ್ಟೋ ರಾತ್ರಿ ಕಳೆದಿದ್ದೆ ಅಂತ ಅವನ ಬಾಯಿಂದ ಹೊರಬಿದ್ದಾಗ ಇಡೀ ಚಿತ್ರ ಕುಸಿದು ಕೂರುತ್ತದೆ. ಕೂರಲೇಬೇಕು. 2013ರ 'ಅಬೌಟ್ ಟೈಮ್' ಇದಕ್ಕೆ ತದ್ವಿರುದ್ಧ. ಅಲ್ಲಿ ಟಿಮ್ ಕತ್ತಲೆ ಕೋಣೆಗೆ ಹೋಗಿ ಮುಷ್ಟಿ ಬಿಗಿದರೆ ಹಿಂದಕ್ಕೆ ಹೋಗಬಲ್ಲ. ಹೆಂಡತಿ ಮೇರಿಗೆ ಈ ಗುಟ್ಟು ಕೊನೆಯವರೆಗೂ ತಿಳಿಯುವುದಿಲ್ಲ, ಚಿತ್ರಕ್ಕೂ ಅದು ಸಮಸ್ಯೆ ಅನ್ನಿಸಿಲ್ಲ. ನನಗೆ ಅನ್ನಿಸಿತು. (ಮೇರಿಯಾಗಿ ನಟಿಸಿದ ರೇಚಲ್ ಮ್ಯಾಕ್‌ಆಡಮ್ಸ್ 2009ರ ಇನ್ನೊಂದು ಚಿತ್ರದಲ್ಲೂ ಒಬ್ಬ ಕಾಲಯಾತ್ರಿಯ ಹೆಂಡತಿಯಾಗಿದ್ದರು. ಪಾಪ, ಅವರ ಗಂಡಂದಿರು ಯಾರೂ ಮನೆಯಲ್ಲಿ ನಿಲ್ಲೋದಿಲ್ಲ.)

ಆದರೆ 'ಅಬೌಟ್ ಟೈಮ್'ನಿಂದ ನೀವು ಒಂದು ವಿಷಯ ಕದಿಯಬೇಕು. ಬೆಲೆ. ತಂಗಿಯ ಬದುಕು ಸರಿಮಾಡಲು ಟಿಮ್ ಹಿಂದೆ ಹೋಗಿ ಬರುತ್ತಾನೆ. ಬಂದು ನೋಡಿದರೆ ತೊಟ್ಟಿಲಲ್ಲಿ ತನ್ನ ಮಗಳಿಲ್ಲ, ಯಾವುದೋ ಗಂಡುಮಗು ಇದೆ. ಮಗು ಹುಟ್ಟುವುದಕ್ಕೂ ಹಿಂದಿನ ದಿನಗಳನ್ನು ಮುಟ್ಟಿದರೆ ಮಗುವೇ ಬೇರೆಯಾಗುತ್ತೆ. ಅಲ್ಲಿಗೆ ಎಲ್ಲವನ್ನೂ ವಾಪಸ್ ಮಾಡುತ್ತಾನೆ. ಒಂದು ವಾಕ್ಯದಲ್ಲಿ ಹೇಳಬಹುದಾದ ನಿಯಮ, ಆದರೆ ಹೊಟ್ಟೆಗೆ ತಾಗುತ್ತೆ.

ನಿಮ್ಮ ಒರಳಿಗೆ ಬೆಲೆಯೇ ಇಲ್ಲ. ವೀಣಾ ಸುಮ್ನೆ ಹೋಗಿ ತಿರುಗಿಸುತ್ತಾಳೆ. ಖಾಲಿ ಒರಳು ಯಾರಾದರೂ ತಿರುಗಿಸುತ್ತಾರಾ? ನೆನೆಸಿದ ಉದ್ದಿನಬೇಳೆ ಹಾಕಿದರೆ ಮಾತ್ರ ಅದು ಕೆಲಸ ಮಾಡಲಿ. ಒಂದು ದಿನ ಹಿಂದೆ ಹೋಗಲು ಒಂದು ಪಾವು. ಹೋಗಿ ಬಂದಷ್ಟೂ ಮನೆಯಲ್ಲಿ ಹಿಟ್ಟು. ಪಾತ್ರೆಗಳೆಲ್ಲ ತುಂಬಿ, ಬೆಳಿಗ್ಗೆ ಹುದುಗಿ ಉಕ್ಕಿ ಕಟ್ಟೆ ಮೇಲೆಲ್ಲ ಚೆಲ್ಲಲಿ. ಮೂರು ಹೊತ್ತೂ ದೋಸೆ. ಸುರೇಶ ಬೇಳೆಯ ರೇಟು ಲೆಕ್ಕ ಹಾಕುತ್ತಾ 'ಇವತ್ತೂ ದೋಸೆನಾ?' ಅನ್ನಲಿ. ಅವಳ ಅಂಗೈಯಲ್ಲಿ ಬೊಬ್ಬೆ. ಎಷ್ಟು ಸಲ ಹೋಗಿ ಬಂದಳು ಅಂತ ನೀವು ತೆರೆ ಮೇಲೆ ಅಂಕಿ ಹಾಕಬೇಕಾಗಿಲ್ಲ, ದೋಸೆ ಎಣಿಸಿದರೆ ಸಾಕು. ಬಾಲ್ಯಕ್ಕೆ ಹೋಗಬೇಕಾದರೆ ಮೂಟೆಗಟ್ಟಲೆ ಬೇಳೆ ಬೇಕಾಗುತ್ತೆ. ಅದನ್ನು ಕೊಳ್ಳಲು ಅವಳು ಕೈಹಾಕೋದು ಎಲ್ಲಿಗೆ? ಸುರೇಶ ಪೈಸೆ ಪೈಸೆ ಕೂಡಿಟ್ಟ ಡಬ್ಬಿಗೆ. ಜಿಪುಣತನ ಬಿಡಿಸುವ ಖರ್ಚು ಜಿಪುಣನದೇ.

ಇನ್ನು ಒರಳಿಗೆ ಆ ಶಕ್ತಿ ಹೇಗೆ ಬಂತು ಅಂತ ನೀವು ಮುಕ್ಕಾಲು ಪುಟ ವಿವರಿಸಿದ್ದೀರಿ, ಮುತ್ತಜ್ಜಿ, ಶಾಪ, ಗ್ರಹಣ ಎಲ್ಲ. ಅಷ್ಟನ್ನೂ ಹೊಡೆದುಹಾಕಿ. 'ಗ್ರೌಂಡ್‌ಹಾಗ್ ಡೇ' ಬರೆಯುವಾಗಲೂ ಸ್ಟುಡಿಯೋದವರು ಕಾರಣ ಬೇಕೇ ಬೇಕು ಅಂತ ಹಟ ಹಿಡಿದಿದ್ದರು. ಒಂದು ಕರಡಿನಲ್ಲಿ ಹಳೆಯ ಪ್ರೇಯಸಿಯ ಶಾಪ ಕೂಡ ಇತ್ತು. ಚಿತ್ರದಲ್ಲಿ ಅದಿಲ್ಲ. ಇಷ್ಟು ವರ್ಷವಾದರೂ ಜನ ಖುಷಿಯಿಂದ ನೋಡುತ್ತಿದ್ದಾರೆ. ಯಂತ್ರ ಹೇಗೆ ನಡೆಯುತ್ತೆ ಅಂತ ಜನ ಕೇಳೋದಿಲ್ಲ. ಅದು ಏನು ಮಾಡುತ್ತೆ, ಏನು ಮಾಡಲ್ಲ ಅನ್ನೋದು ಮಾತ್ರ ಅವರಿಗೆ ಬೇಕು.

ಸರಿಯಾದ ಸಂಗಾತಿಯನ್ನು ಬಿಡಿಭಾಗ ಜೋಡಿಸಿ ತಯಾರಿಸುವ ಆಸೆ ನಮಗೇನೂ ಹೊಸದಲ್ಲ. ಗಿರೀಶ ಕಾರ್ನಾಡರ 1971ರ ನಾಟಕ 'ಹಯವದನ'ದ ಪದ್ಮಿನಿಯನ್ನೇ ನೋಡಿ. ಗಂಡ ದೇವದತ್ತನಿಗೆ ಬುದ್ಧಿ ಇದೆ, ಅವನ ಗೆಳೆಯ ಕಪಿಲನಿಗೆ ಮೈಕಟ್ಟು ಇದೆ. ಕಾಳಿಯ ಗುಡಿಯಲ್ಲಿ ಇಬ್ಬರೂ ತಲೆ ಕಡಿದುಕೊಂಡು ಬಿದ್ದಾಗ, ತಲೆ ಜೋಡಿಸಿದರೆ ಬದುಕಿಸುತ್ತೇನೆ ಅಂತ ಕಾಳಿ ಹೇಳುತ್ತಾಳೆ, ಅವಸರದಲ್ಲಿ ಪದ್ಮಿನಿ ತಲೆಗಳನ್ನು ಅದಲುಬದಲು ಇಡುತ್ತಾಳೆ. ಅವಸರವೋ, ಆಸೆಯೋ! ದೇವದತ್ತನ ತಲೆ, ಕಪಿಲನ ದೇಹ. ಇನ್ನೇನು ಬೇಕು? ಆದರೆ ದಿನ ಕಳೆದಂತೆ ಆ ಗಟ್ಟಿ ಮೈ ಮೆತ್ತಗಾಗುತ್ತಾ ಬರುತ್ತದೆ, ತಲೆ ಇಡೀ ದೇಹವನ್ನು ತನ್ನ ಹಳೆಯ ಲೆಕ್ಕಕ್ಕೆ ಎಳೆದುಕೊಳ್ಳುತ್ತದೆ. ಮನೆಯಲ್ಲಿರುವ ಗೊಂಬೆಗಳು ಆ ಬದಲಾವಣೆಯನ್ನು ಆಡಿಕೊಳ್ಳುತ್ತವೆ. ಅವನ್ನು ಒಮ್ಮೆ ಓದಿಕೊಳ್ಳಿ. ಒಂದು ಯಂತ್ರವೂ ಇಲ್ಲದೆ ನಿಮ್ಮದೇ ಕಥೆ ಅಲ್ಲಿದೆ.

ಹತ್ತಿರದ ಉದಾಹರಣೆ ಬೇಕಾದರೆ 'ಲಕ್ಕಿ ಮ್ಯಾನ್'. 2020ರ ತಮಿಳು 'ಓ ಮೈ ಕಡವುಳೇ'ಯ ಕನ್ನಡ ರೂಪ, 2022ರಲ್ಲಿ ಬಂತು. ಪುನೀತ್ ರಾಜ್‌ಕುಮಾರ್ ದೇವರಾಗಿ ಕಾಣಿಸಿಕೊಂಡದ್ದು ಅದರಲ್ಲೇ. ವಿಚ್ಛೇದನದ ಹೊಸ್ತಿಲಲ್ಲಿ ನಿಂತವನಿಗೆ ದೇವರು ಇನ್ನೊಂದು ಅವಕಾಶ ಕೊಡುತ್ತಾನೆ. ಆ ದೇವರು ಬುದ್ಧಿವಂತ. ಹೆಂಡತಿಯನ್ನು ಬದಲಿಸುವ ಅಧಿಕಾರ ಕೊಡಲಿಲ್ಲ, 'ನಿನ್ನ ನಿರ್ಧಾರ ಬದಲಿಸಿಕೋ' ಅಂದ. ಎರಡನೇ ಬದುಕಿನಲ್ಲಿ ಹುಡುಗಿ ಅವಳೇ. ಇವನಿಗೆ ಈಗಷ್ಟೇ ಕಾಣುತ್ತಿದ್ದಾಳೆ, ಅಷ್ಟೇ ವ್ಯತ್ಯಾಸ.

ಸುಮಾರು ಹದಿನೈದು ವರ್ಷದ ಹಿಂದೆ ನಾನೂ ಈ ಹಳ್ಳಕ್ಕೆ ಬಿದ್ದಿದ್ದೆ. ಒಂದು ಗಂಟೆಯ ನಾಟಕ. ಗಂಡ ಹೆಂಡತಿಯ ಸಿಟ್ಟನ್ನು ರಿಮೋಟ್ ಒತ್ತಿ ಆರಿಸಿಬಿಡುತ್ತಾನೆ. ಬಹಳ ಹುರುಪಿನಿಂದ ಬರೆದಿದ್ದೆ. ತಾಲೀಮಿನ ಮೂರನೇ ದಿನ ಲೈಟ್ ಕಟ್ಟುತ್ತಿದ್ದ ಹುಡುಗ ಏಣಿ ಮೇಲಿಂದಲೇ ಕೇಳಿದ: 'ಸಾರ್, ಸಿಟ್ಟು ತೆಗೆದ್ಮೇಲೆ ಓನರ್ ಹತ್ರ ಇವನ ಪರವಾಗಿ ಜಗಳ ಆಡೋರು ಯಾರು?' ಮೊದಲ ದೃಶ್ಯದಲ್ಲಿ ಬಾಡಿಗೆ ಜಾಸ್ತಿ ಕೇಳಿದ ಮನೆ ಮಾಲೀಕನನ್ನು ಅದೇ ಹೆಂಡತಿ ಬಾಗಿಲಿಂದಲೇ ಓಡಿಸಿದ್ದಳು. ಆ ದೃಶ್ಯ ಬರೆದವನು ನಾನೇ. ನನಗೇ ಮರೆತಿತ್ತು.

ಈಗ ನಿಮ್ಮ ಎರಡನೇ ಪುಟಕ್ಕೆ ಬರೋಣ. ಬಸ್ಸಿನಿಂದ ಇಳಿದ ವೀಣಾ 'ಪರವಾಗಿಲ್ಲ, ನೀವೇ ಇಟ್ಕೊಳ್ಳಿ' ಅಂತಾಳೆ. ಸುರೇಶ ಒಪ್ಪುವುದಿಲ್ಲ. 'ಇಲ್ಲ ಇಲ್ಲ, ಐದು ನಿಮ್ದು, ಐದು ನನ್ದು.' ತನ್ನ ಸ್ಟಾಪ್ ಎರಡು ಮುಂದೆ ಇದ್ದರೂ ಅವಳ ಜೊತೆ ಇಳಿದಿದ್ದಾನೆ, ಬರೀ ಐದು ರೂಪಾಯಿಗೆ. ಹೂವಿನವಳ ಹತ್ತಿರ ಚಿಲ್ಲರೆ ಕೇಳುತ್ತಾನೆ, ಬೀಡಾ ಅಂಗಡಿಯಲ್ಲಿ ಕೇಳುತ್ತಾನೆ, ಸಿಗಲ್ಲ. ಕೊನೆಗೆ ಬೇರೆ ದಾರಿಯಿಲ್ಲದೆ ಹತ್ತು ರೂಪಾಯಿಗೆ ಒಂದು ಬೈ-ಟು ಕಾಫಿ. ಅಲ್ಲೇ ಅಲ್ವಾ ಎಲ್ಲ ಶುರುವಾದದ್ದು?

ಹಾಗಾದರೆ ಧಾರಾಳಿ ಸುರೇಶ ಆ ದಿನ ಏನು ಮಾಡುತ್ತಿದ್ದ? 'ಇಟ್ಕೊಳ್ಳಿ ಮೇಡಂ' ಅಂತ ನಕ್ಕು, ಬಸ್ಸಿನಲ್ಲೇ ಕೂತು ಮುಂದೆ ಹೋಗುತ್ತಿದ್ದ. ವೀಣಾಗೆ ಐದು ರೂಪಾಯಿ ಲಾಭ, ಒಬ್ಬ ಗಂಡ ನಷ್ಟ.

ನಿಮ್ಮ ಎಂಜಿನಿಯರ್ ಕೇಳಿದ್ದು ಇದನ್ನೇ. ಅವನು ಗಣಿತದ ಕಡೆಯಿಂದ ಬಂದ, ನಿಮ್ಮ ಕೇಳುಗರು ಮನಸ್ಸಿನ ಕಡೆಯಿಂದ ಬಂದರು, ಇಬ್ಬರೂ ಒಂದೇ ಬಾಗಿಲು ತಟ್ಟಿದರು. ಜಿಪುಣತನ ತೆಗೆದರೆ ಭೇಟಿಯೇ ಇಲ್ಲ. ಹಾಗಾಗಿ ನೀವು ಬರೆದ ಸುಖಾಂತ್ಯ ಸಾಧ್ಯವೇ ಇಲ್ಲ. ಅವನ ಸಮಾಧಾನಕ್ಕೆ ಎರಡು ನಿಯಮ ಸಾಕು. ಗುಂಡು ತಿರುಗಿಸಿದವರಿಗೆ ಮಾತ್ರ ಹಳೆಯದು ನೆನಪಿರುತ್ತೆ. ತಾನು ಬದುಕಿದ ದಿನಕ್ಕೆ ಹೋದರೆ ತನ್ನದೇ ಮೈಯಲ್ಲಿ ಇಳಿಯುತ್ತಾಳೆ, ತಾನಿಲ್ಲದ ದಿನಕ್ಕೆ ಹೋದರೆ ದಾರಿಹೋಕಳಾಗಿ.

ಇನ್ನು ಸಂತೆಯಿಂದ ವಾಪಸ್ ಬಂದ ದೃಶ್ಯ ಹೀಗೆ ಬರೆಯಿರಿ. ವೀಣಾ ಹಿತ್ತಲಲ್ಲಿ ಕಣ್ಣು ಬಿಡುತ್ತಾಳೆ. ಬಟ್ಟೆ ಒಣಗಲು ಹಾಕುತ್ತಿದ್ದ ಅತ್ತೆ ತಿರುಗಿ ನೋಡುತ್ತಾರೆ. ಗುರುತಿಲ್ಲ. 'ಯಾರಮ್ಮಾ ನೀನು? ಯಾರ ಮನೆಯವಳು?' ಅದೇ ಸಾಲು. ಈ ಸಲ ನಿಮ್ಮ ಹತ್ತು ಜನ ನಗುತ್ತಾರೋ ಸುಮ್ಮನಾಗುತ್ತಾರೋ ನನಗೂ ಕುತೂಹಲ.

ಮುಂದೇನು? 'ಮೀಟ್ ಕ್ಯೂಟ್'ನ ಶೀಲಾಳಂತೆ ಇವಳೂ ಹಳೆಯವನೇ ಬೇಕು ಅಂತ ಹೊರಟರೆ, ಸಂತೆಗೆ ಹೋಗಿ ಮಗುವಿಗೆ ಏಟು ಬೀಳಲು ಬಿಡಬೇಕು. ದಯವಿಟ್ಟು ಬೇಡ. ತನ್ನ ಸಂಸಾರಕ್ಕಾಗಿ ಮಗು ಏಟು ತಿನ್ನಲಿ ಅಂತ ಸುಮ್ಮನೆ ನೋಡುತ್ತಾ ನಿಂತವಳನ್ನು ಯಾರೂ ಕ್ಷಮಿಸಲ್ಲ. ಸಂತೆ ಸರಿಹೋದದ್ದು ಸರಿಹೋಗಿರಲಿ. ಅವಳು ಬಸ್ಸಿನ ದಿನಕ್ಕೆ ಹೋಗಲಿ. ಹೋಗಬೇಕಾದರೆ ಒರಳು ಬೇಕು, ಒರಳು ಈಗ ಅಪರಿಚಿತರ ಮನೆಯದು. 'ಅತ್ತೆ' ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, 'ಅಮ್ಮಾ, ಸ್ವಲ್ಪ ಹಿಟ್ಟು ರುಬ್ಬಿಕೊಡ್ಲಾ?' ಅಂತ ಕೇಳಲಿ. ನಿಮ್ಮ ಅತ್ತೆಯ ಪಾತ್ರಕ್ಕೆ ಯಾರನ್ನು ಹಾಕಿಕೊಂಡಿದ್ದೀರೋ ಗೊತ್ತಿಲ್ಲ, ಈ ಒಂದು ದೃಶ್ಯದಲ್ಲಿ ಅವರು ಎಲ್ಲರನ್ನೂ ತಿಂದುಹಾಕುತ್ತಾರೆ.

ಬಸ್ಸಿನಲ್ಲಿ ಹತ್ತರ ನೋಟು ಮತ್ತೆ ಬರುತ್ತದೆ. ಹೊಸ ಸುರೇಶ 'ಇಟ್ಕೊಳ್ಳಿ ಮೇಡಂ' ಅಂತಾನೆ. ಈಗ ವೀಣಾ ಬಿಡಬಾರದು. 'ಅದು ಹೇಗ್ರೀ ಆಗುತ್ತೆ? ಐದು ನಿಮ್ದು, ಐದು ನನ್ದು. ಇಳೀರಿ ಕೆಳಗೆ.' ಬಸ್ಸಿನವರೆಲ್ಲ ತಿರುಗಿ ನೋಡಲಿ. ಅವಳು ಇಡೀ ಕಥೆಯಲ್ಲಿ ಯಾವ ಗುಣವನ್ನು ಉಜ್ಜಿ ಅಳಿಸಲು ಹೊರಟಿದ್ದಳೋ ಅದು ಈಗ ಅವಳ ಬಾಯಲ್ಲಿದೆ. ಅವನು ಇಳಿಯಬಹುದು, ಇಳಿಯದೇ ಇರಬಹುದು. ಗೋಡೆ ವಾಪಸ್ ಬಂತು, ನಗುವೂ ಬರುತ್ತೆ. ಇಳಿದ ಅಂತಿಟ್ಟುಕೊಳ್ಳಿ. ಧಾರಾಳಿ ಅಲ್ವಾ, ಹೋಟೆಲಲ್ಲಿ 'ಎರಡು ಫುಲ್ ಕಾಫಿ' ಅಂತಾನೆ. ಅವಳು ಮಾಣಿಯನ್ನು ತಡೆದು, 'ಬೈ-ಟು ಸಾಕು' ಅಂತಾಳೆ. ಅಲ್ಲಿಗೆ ಕತ್ತರಿಸಿ. ಮದುವೆ ತೋರಿಸಬೇಡಿ.

ಬಸ್ಸಿನ ದೃಶ್ಯ ಈಗ ಎರಡು ಸಲ ಬರುತ್ತದೆ. ಮೊದಲ ಸಲ ನಿಧಾನವಾಗಿ, ಪೂರ್ತಿ ತೋರಿಸಿ. ಎರಡನೇ ಸಲ ನೇರ ನೋಟಿನಿಂದ ಶುರು ಮಾಡಿ. ಎರಡನ್ನೂ ಒಂದೇ ದಿನ, ಒಂದೇ ಹೊತ್ತಿನ ಬೆಳಕಿನಲ್ಲಿ ತೆಗೆಯಿರಿ. ಒಂದರಲ್ಲಿ ಬಿಸಿಲು, ಇನ್ನೊಂದರಲ್ಲಿ ಮೋಡ ಇದ್ದರೆ ಅದೇ ದಿನ ಅಂತ ಯಾರೂ ನಂಬಲ್ಲ.

ಒಂದು ವಿಷಯ ಬಿಟ್ಟೇ ಹೋಗುತ್ತಿತ್ತು. ನಿಮ್ಮ ಮೊದಲ ಪುಟದಲ್ಲಿ 'ಮೈಸೂರು, ಡಿಸೆಂಬರ್ 2023' ಅಂತ ಹಾಕಿದ್ದೀರಿ. ಶಕ್ತಿ ಯೋಜನೆ ಜಾರಿಗೆ ಬಂದದ್ದು 2023ರ ಜೂನ್ 11ಕ್ಕೆ. ಅಂದರೆ ಆ ಹೊತ್ತಿಗೆ ಸಿಟಿ ಬಸ್ಸಿನಲ್ಲಿ ವೀಣಾಳದು ಶೂನ್ಯ ಟಿಕೆಟ್. ಅವಳಿಗೆ ಚಿಲ್ಲರೆ ವಾಪಸ್ ಬರುವ ಪ್ರಶ್ನೆಯೇ ಇಲ್ಲ, ಹತ್ತು ರೂಪಾಯಿಯೂ ಸುರೇಶನದೇ. ನಿಮ್ಮ ಎಂಜಿನಿಯರ್ ಇದನ್ನು ಹೇಗೆ ಬಿಟ್ಟನೋ! ಕಥೆಯನ್ನು 2019ಕ್ಕೆ ಒಯ್ಯಿರಿ. ಬೈ-ಟು ಕಾಫಿಯ ರೇಟೂ ಆಗ ಸರಿಹೋಗುತ್ತೆ.